ಸಂತರ ಮರೆಯಲ್ಲಿ ಬಂಡಾಯ: ಹಾವೇರಿ ಸೀಮೆಯ ನಾಲ್ಕು ತಾಲ್ಲೂಕುಗಳು ಮತ್ತು ಕನ್ನಡದ ಪ್ರತಿರೋಧ ಚಿತ್ರಗಳು

ಪ್ರಭುತ್ವವನ್ನು ಎದುರಿಸಿದವರ ಕಥೆಯನ್ನು ಕನ್ನಡ ಚಲನಚಿತ್ರವು ಎಲ್ಲಿಂದ ಎತ್ತಿಕೊಂಡಿತು ಎಂಬ ಪ್ರಶ್ನೆಗೆ ನಮ್ಮ ಚಿತ್ರ ಇತಿಹಾಸಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಕಿತ್ತೂರು, ಸಂಗೊಳ್ಳಿಗಳ ಸಶಸ್ತ್ರ ಹೋರಾಟವನ್ನು ತೆರೆಗೆ ತಂದ ಐತಿಹಾಸಿಕ ಚಿತ್ರಗಳು ಒಂದು ಧಾರೆ. 1970ರಲ್ಲಿ ತೆರೆಕಂಡ ‘ಸಂಸ್ಕಾರ’ದಿಂದ ಮೊದಲುಗೊಂಡು ಜಾತಿ, ಭೂಮಿ, ಆಡಳಿತಗಳನ್ನು ಪ್ರಶ್ನಿಸಿದ ಹೊಸ ಅಲೆಯ ಚಿತ್ರಗಳು ಇನ್ನೊಂದು ಧಾರೆ. ಈ ಎರಡರ ನಡುವೆ, ಅಷ್ಟಾಗಿ ವಿಮರ್ಶಕರ ಗಮನಕ್ಕೆ ಬಾರದ ಮೂರನೆಯ ಧಾರೆಯೊಂದಿದೆ. ಅದು ಸಂತಕವಿಗಳ ಜೀವನವನ್ನು ಆಧರಿಸಿದ ಭಕ್ತಿಪ್ರಧಾನ ಚಿತ್ರಗಳದು. ಅಧಿಕಾರವನ್ನು ಧಿಕ್ಕರಿಸುವ ದನಿ ಕನ್ನಡದ ಅತಿ ದೊಡ್ಡ ಪ್ರೇಕ್ಷಕವರ್ಗವನ್ನು ಮುಟ್ಟಿದ್ದು ಬಹುಮಟ್ಟಿಗೆ ಈ ಮೂರನೆಯ ಮಾರ್ಗದಿಂದ.

ಈ ಧಾರೆಯನ್ನು ಪರಿಶೀಲಿಸಲು ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಪ್ರದೇಶ ವಿಶೇಷವಾಗಿ ಉಪಯುಕ್ತವಾಗಿದೆ. ಕನಕದಾಸರ ಹುಟ್ಟೂರೆಂದು ಪರಂಪರೆ ಗುರುತಿಸುವ ಬಾಡ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಶಿಶುನಾಳ ಷರೀಫರ ಶಿಶುನಾಳವೂ ಅದೇ ತಾಲ್ಲೂಕಿಗೆ ಸೇರಿದ್ದು. ಸರ್ವಜ್ಞನ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಅಬಲೂರು ಮತ್ತು ಮಾಸೂರು ಹಳೆಯ ಹಿರೇಕೆರೂರು ತಾಲ್ಲೂಕಿನ ಗ್ರಾಮಗಳು. ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಈ ನಾಲ್ವರ ಜೀವನವೂ ಚಲನಚಿತ್ರವಾಗಿದೆ: ‘ಭಕ್ತ ಕನಕದಾಸ’ (1960), ‘ಸರ್ವಜ್ಞಮೂರ್ತಿ’ (1965), ‘ಸಂತ ಶಿಶುನಾಳ ಷರೀಫ’ (1990) ಮತ್ತು ಪಂಚಾಕ್ಷರಿ ಗವಾಯಿಗಳನ್ನು ಕುರಿತ 1995ರ ಚಿತ್ರ. ಇಷ್ಟು ಚಿಕ್ಕ ಭೂಭಾಗದಿಂದ ಇಷ್ಟು ಮಂದಿ ಚಿತ್ರನಾಯಕರು ಬಂದಿರುವುದು ಅಪರೂಪವೇ ಸರಿ. ಆದರೆ ಇದೇ ನೆಲದಲ್ಲಿ ನಡೆದ ನೇರ ರಾಜಕೀಯ ಹೋರಾಟಗಳಿಗೆ ತೆರೆಯ ಮೇಲೆ ಅಂಥ ಸ್ಥಾನ ದೊರೆಯಲಿಲ್ಲ. ಸಂತನಿಗೆ ತೆರೆದ ಚಿತ್ರಮಂದಿರದ ಬಾಗಿಲು ಸತ್ಯಾಗ್ರಹಿಗೆ ಏಕೆ ತೆರೆಯಲಿಲ್ಲ, ಸಂತನಿಗೆ ತೆರೆದಾಗ ಆತನ ಬಂಡಾಯಕ್ಕೆ ಏನಾಯಿತು ಎಂಬುದೇ ಈ ಲೇಖನದ ವಿಚಾರ.

ಮೊದಲು ನೆಲದ ಸ್ಥಿತಿಯನ್ನು ನೋಡಬೇಕು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಭಾಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಸವಣೂರು ಮಾತ್ರ ನವಾಬರ ಚಿಕ್ಕ ಸಂಸ್ಥಾನವಾಗಿದ್ದು 1948ರಲ್ಲಿ ವಿಲೀನಗೊಂಡಿತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1934ರ ‘ಸತಿ ಸುಲೋಚನಾ’ದಿಂದ ಆರಂಭವಾದ ಕನ್ನಡ ವಾಕ್ಚಿತ್ರದ ಬಂಡವಾಳ, ಸ್ಟುಡಿಯೋ, ನಟವರ್ಗಗಳೆಲ್ಲ ಹೆಚ್ಚಾಗಿ ಮದರಾಸು, ಮೈಸೂರು, ಬೆಂಗಳೂರುಗಳ ಕಡೆಗಿದ್ದವು. ಹೀಗಾಗಿ ಧಾರವಾಡ ಸೀಮೆಯು ಚಿತ್ರೋದ್ಯಮಕ್ಕೆ ಪ್ರೇಕ್ಷಕರನ್ನು ಕೊಟ್ಟಿತು, ಕಥೆಗಳನ್ನು ಕೊಟ್ಟಿತು, ಅದಕ್ಕೂ ಮುಂಚೆ ವೃತ್ತಿ ನಾಟಕ ಕಂಪನಿಗಳ ಕ್ಯಾಂಪುಗಳಿಗೆ ನೆಲೆ ಕೊಟ್ಟಿತು. ಕಥೆ ಹೇಗಿರಬೇಕೆಂದು ನಿರ್ಧರಿಸುವ ಜಾಗದಲ್ಲಿ ಅದು ಇರಲಿಲ್ಲ. ತೆರೆಯ ಮೇಲಿನ ಕನಕ, ಸರ್ವಜ್ಞರು ಆಡುವ ಮಾತು ಬಾಡ, ಅಬಲೂರುಗಳ ಆಡುಮಾತಲ್ಲ ಎಂಬುದಕ್ಕೆ ಇದೂ ಒಂದು ಕಾರಣ. ನಾಟಕ ಕಂಪನಿಯ ಗ್ರಾಂಥಿಕ ಭಾಷೆ ಮದರಾಸಿನ ಸ್ಟುಡಿಯೋವನ್ನು ಹಾದು ಮತ್ತೆ ಈ ಸೀಮೆಯ ಟೂರಿಂಗ್ ಟಾಕೀಸಿಗೆ ಬಂದಿತು.

ಭಕ್ತಿಯ ಕಥೆಯೊಳಗೆ ರಾಜಕೀಯವನ್ನು ಅಡಗಿಸುವ ಉಪಾಯ ಕನ್ನಡದ್ದೇ ಆದ ಶೋಧವಲ್ಲ. 1921ರಲ್ಲಿ ಮುಂಬಯಿಯ ಕೊಹಿನೂರ್ ಸಂಸ್ಥೆ ತಯಾರಿಸಿದ ‘ಭಕ್ತ ವಿದುರ’ ಎಂಬ ಮೂಕಿಚಿತ್ರದಲ್ಲಿ ವಿದುರನ ವೇಷ ಗಾಂಧೀಜಿಯವರನ್ನು ಹೋಲುತ್ತದೆಂಬ ಕಾರಣಕ್ಕೆ ಮದರಾಸು ಮತ್ತು ಕರಾಚಿಗಳಲ್ಲಿ ಅದರ ಪ್ರದರ್ಶನವನ್ನು ನಿಷೇಧಿಸಲಾಯಿತು. ಪುರಾಣದ ಪಾತ್ರವೊಂದು ಟೋಪಿ ತೊಟ್ಟು ನಿಂತರೆ ಪ್ರೇಕ್ಷಕ ಅದನ್ನು ಹೇಗೆ ಓದಿಕೊಳ್ಳುತ್ತಾನೆಂಬುದು ಬ್ರಿಟಿಷ್ ಅಧಿಕಾರಿಗಳಿಗೆ ಚೆನ್ನಾಗಿ ತಿಳಿದಿತ್ತು. ಸ್ವಾತಂತ್ರ್ಯಾನಂತರದ 1952ರ ಸಿನಿಮಾಟೋಗ್ರಾಫ್ ಕಾಯಿದೆಯು ಚಿತ್ರಗಳಿಗೆ ಪೂರ್ವಪರಿಶೀಲನೆಯನ್ನು ಮುಂದುವರಿಸಿತು. ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮುಂತಾದ ಕಾರಣಗಳನ್ನು ಮುಂದೊಡ್ಡಿ ಪ್ರಮಾಣಪತ್ರ ನಿರಾಕರಿಸುವ ಅಧಿಕಾರ ಅದರಲ್ಲಿದೆ. ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವ್ಯವಸ್ಥೆ ಸಂವಿಧಾನಬದ್ಧವೆಂದು 1970ರಲ್ಲಿ ತೀರ್ಪಿತ್ತಿತು. ಮುದ್ರಿತ ಪುಸ್ತಕಕ್ಕಾಗಲಿ ಪತ್ರಿಕೆಗಾಗಲಿ ಇಲ್ಲದ ಈ ಮುಂಗಡ ಅನುಮತಿಯ ಹಂಗು ಚಿತ್ರಕ್ಕೆ ಮಾತ್ರ ಉಳಿದಿರುವುದನ್ನು ಮುಂದಿನ ಚರ್ಚೆಯುದ್ದಕ್ಕೂ ನೆನಪಿಡಬೇಕು.

ಬಾಡದ ಕನಕ, ಉಡುಪಿಯ ಗೋಡೆ

ಕನ್ನಡದಲ್ಲಿ ಈ ಮಾರ್ಗವನ್ನು ಗಟ್ಟಿಗೊಳಿಸಿದ್ದು 1954ರ ‘ಬೇಡರ ಕಣ್ಣಪ್ಪ’. ಗುಬ್ಬಿ ಕಂಪನಿಯ ರಂಗಪರಂಪರೆಯಿಂದ ಬಂದ, ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ಈ ಚಿತ್ರದಲ್ಲಿ ಅರ್ಚಕನ ಅಧಿಕಾರಕ್ಕೂ ಬೇಡನ ಭಕ್ತಿಗೂ ನಡೆಯುವ ಘರ್ಷಣೆಯೇ ಕಥೆಯ ಜೀವಾಳ. ಅದರ ಮರುವರ್ಷ, 1955ರಲ್ಲಿ, ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಜಾರಿಗೆ ಬಂದು ದೇವಾಲಯ ಪ್ರವೇಶವನ್ನು ತಡೆಯುವುದು ಶಿಕ್ಷಾರ್ಹ ಅಪರಾಧವಾಯಿತು. ವೈ.ಆರ್. ಸ್ವಾಮಿ ನಿರ್ದೇಶನದ ‘ಭಕ್ತ ಕನಕದಾಸ’ ಇನ್ನೈದು ವರ್ಷಗಳ ನಂತರ ತೆರೆಗೆ ಬಂದಿತು. ಹುಣಸೂರು ಕೃಷ್ಣಮೂರ್ತಿಯವರ ಸಾಹಿತ್ಯ, ಎಂ. ವೆಂಕಟರಾಜು ಅವರ ಸಂಗೀತ, ಪಿ.ಬಿ. ಶ್ರೀನಿವಾಸ್ ಅವರ ಕಂಠ, ರಾಜಕುಮಾರ್ ಅವರ ಅಭಿನಯ ಸೇರಿ ಈ ಚಿತ್ರವನ್ನು ಮನೆಮಾತಾಗಿಸಿದವು. ಕನಕದಾಸರೆಂದರೆ ಇಂದಿಗೂ ಹಲವರ ಕಣ್ಣಮುಂದೆ ಬರುವುದು ಈ ಚಿತ್ರದ ರಾಜಕುಮಾರ್ ಅವರ ಮುಖವೇ.

ಪರಂಪರೆಯ ಪ್ರಕಾರ ಕನಕದಾಸರು ತಿಮ್ಮಪ್ಪನಾಯಕರಾಗಿ ಬಂಕಾಪುರದ ಆಡಳಿತಕ್ಕೆ ಸೇರಿದ ದಂಡನಾಯಕರು. ಯುದ್ಧದಲ್ಲಿ ಸಾವಿನ ಅಂಚಿಗೆ ಹೋಗಿ ಬಂದ ಮೇಲೆ ಅಧಿಕಾರವನ್ನು ತೊರೆದವರು. ಈ ಕಥೆಯಲ್ಲಿ ಎರಡು ಪ್ರತಿರೋಧಗಳಿವೆ. ತಾನೇ ಹಿಡಿದಿದ್ದ ಖಡ್ಗವನ್ನು, ಅದು ತಂದ ಐಶ್ವರ್ಯವನ್ನು ನಿರಾಕರಿಸುವುದು ಒಂದು. ಹುಟ್ಟಿನ ಕಾರಣಕ್ಕೆ ದೇವಾಲಯದ ಹೊರಗೆ ನಿಲ್ಲಿಸಿದ ವ್ಯವಸ್ಥೆಯನ್ನು ಎದುರಿಸುವುದು ಇನ್ನೊಂದು. ಮೊದಲನೆಯದು ಬಾಡ, ಬಂಕಾಪುರ, ಕಾಗಿನೆಲೆಗಳ ನೆಲದಲ್ಲಿ ನಡೆಯುವಂಥದು, ಎರಡನೆಯದು ಉಡುಪಿಯಲ್ಲಿ. ಚಿತ್ರದ ಭಾವನಾತ್ಮಕ ಭಾರವೆಲ್ಲ ಎರಡನೆಯದರ ಮೇಲೆ ಬೀಳುತ್ತದೆ. ಗೋಡೆ ಬಿರಿದು, ಕೃಷ್ಣನ ಮೂರ್ತಿ ಭಕ್ತನತ್ತ ತಿರುಗುವ ದೃಶ್ಯಕ್ಕಾಗಿಯೇ ಪ್ರೇಕ್ಷಕ ಕಾದು ಕುಳಿತಿರುತ್ತಾನೆ.

ಈ ದೃಶ್ಯವನ್ನು ಎಚ್ಚರಿಕೆಯಿಂದ ನೋಡಿದರೆ ಭಕ್ತಿಚಿತ್ರದ ಶಕ್ತಿ ಮಿತಿಗಳೆರಡೂ ಅಲ್ಲಿಯೇ ಕಾಣುತ್ತವೆ. ಕಾನೂನು ಬಾಗಿಲನ್ನು ತೆರೆಯಿರೆಂದು ಹೇಳಿತ್ತು. ಐತಿಹ್ಯದಲ್ಲಿ ಬಾಗಿಲು ಮುಚ್ಚಿಯೇ ಇರುತ್ತದೆ, ಬಿರಿಯುವುದು ಹಿಂದಿನ ಗೋಡೆ. ಅಂದರೆ ಹೊರಗಿಟ್ಟವರು ತಮ್ಮ ನಿರ್ಧಾರವನ್ನು ತಾವೇ ಬದಲಿಸುವ ಪ್ರಮೇಯ ಬರುವುದಿಲ್ಲ. ದೇವರು ಪಕ್ಷ ವಹಿಸಿದ ಮೇಲೆ ಅವರು ತಲೆಬಾಗುತ್ತಾರೆ ಅಷ್ಟೆ. ಪವಾಡವು ಸಂಘರ್ಷಕ್ಕೆ ಪರಿಹಾರವನ್ನೂ ಕೊಡುತ್ತದೆ, ಸಂಘರ್ಷದ ಕಾರಣವನ್ನು ಮರೆಸಿಯೂ ಬಿಡುತ್ತದೆ. ಹಾಗೆಂದು ಚಿತ್ರವನ್ನು ತಳ್ಳಿಹಾಕುವುದು ಅವಸರದ ವಿಮರ್ಶೆಯಾದೀತು. 1960ರಲ್ಲಿ ಹಳ್ಳಿಯ ಟಾಕೀಸಿನಲ್ಲಿ ಎಲ್ಲ ಜಾತಿಯವರೂ ಒಂದೇ ಕತ್ತಲಲ್ಲಿ ಕುಳಿತು, ಹೊರಗೆ ನಿಲ್ಲಿಸಲ್ಪಟ್ಟವನ ಕಡೆಗೆ ಮನಸ್ಸು ವಾಲಿಸಿ ಕಣ್ಣೀರು ಹಾಕುವುದು ಸಣ್ಣ ಸಂಗತಿಯಲ್ಲ. ಕಾಯಿದೆಯ ಕಲಮು ಮಾಡಲಾರದ ಕೆಲಸ ಅದು. ಕನಕನ ಕಿಂಡಿಯ ಸುತ್ತಲಿನ ನೆನಪು ಇನ್ನೂ ಜೀವಂತವಾಗಿದೆ ಎಂಬುದಕ್ಕೆ 2000ದ ದಶಕದ ಮಧ್ಯಭಾಗದಲ್ಲಿ ಉಡುಪಿಯ ಕನಕಗೋಪುರದ ವಿಷಯವಾಗಿ ಎದ್ದ ವಿವಾದವೇ ಸಾಕ್ಷಿ.

ಕನಕದಾಸರ ‘ರಾಮಧಾನ್ಯ ಚರಿತ್ರೆ’ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಅಕ್ಕಿಗೂ ರಾಗಿಗೂ ಹಿರಿಮೆಯ ವಾದ ಹುಟ್ಟಿ, ಎರಡನ್ನೂ ಸೆರೆಯಲ್ಲಿಟ್ಟು ತಿಂಗಳುಗಟ್ಟಲೆ ಕಾಯಲಾಗಿ, ಕೆಡದೆ ಉಳಿದ ರಾಗಿ ಗೆಲ್ಲುವ ಕಥೆ ಅದು. ಅಲ್ಲಿ ಪವಾಡವಿಲ್ಲ. ಕಾಲದ ಪರೀಕ್ಷೆ ಇದೆ, ರಾಜಸಭೆಯಲ್ಲಿ ವಾದವಿದೆ, ಸೋಲು ಗೆಲುವಿದೆ. ಉಳ್ಳವರ ಧಾನ್ಯ ಬಡವರ ಧಾನ್ಯಗಳ ಈ ನ್ಯಾಯವಿಚಾರಣೆಯಲ್ಲಿರುವ ರಾಜಕೀಯ ತಿಳಿವಳಿಕೆ ಉಡುಪಿಯ ಐತಿಹ್ಯದಲ್ಲಿ ಇರುವುದಕ್ಕಿಂತ ಹೆಚ್ಚು ಹರಿತವಾದದ್ದು. ಆದರೆ ಜನಪ್ರಿಯ ಚಿತ್ರಕ್ಕೆ ವಾದಕ್ಕಿಂತ ದರ್ಶನ ಬೇಕಾಗುತ್ತದೆ.

ಕಥೆಗೆ ಒಗ್ಗದ ಸರ್ವಜ್ಞ

ಆರೂರು ಪಟ್ಟಾಭಿಯವರ ನಿರ್ದೇಶನದಲ್ಲಿ, ರಾಜಕುಮಾರ್ ಅವರೇ ಮುಖ್ಯಪಾತ್ರ ವಹಿಸಿದ ‘ಸರ್ವಜ್ಞಮೂರ್ತಿ’ಯ ಸಮಸ್ಯೆ ಬೇರೆ ಬಗೆಯದು. ಸರ್ವಜ್ಞನಿಗೆ ಮಾತು ಹೆಚ್ಚು, ಕಥೆ ಕಡಿಮೆ. ಮಾಸೂರಿನ ಬಸವರಸ, ಕುಂಬಾರ ಮಾಳಿ ಇವರ ಮಗನೆಂಬ ಜನನ ವೃತ್ತಾಂತ ಕೆಲವು ತ್ರಿಪದಿಗಳಲ್ಲಿ ದೊರೆಯುತ್ತದೆಯಾದರೂ ಅವು ನಂತರ ಸೇರಿದವೆಂಬ ಸಂದೇಹವನ್ನು ವಿದ್ವಾಂಸರು ವ್ಯಕ್ತಪಡಿಸಿದ್ದಾರೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಕಲೆಹಾಕಿ 1924ರಲ್ಲಿ ಪ್ರಕಟಿಸಿದ ಸಂಗ್ರಹದ ಮೂಲಕವೇ ಸರ್ವಜ್ಞನಿಗೆ ಗ್ರಂಥಸ್ಥ ರೂಪ ಸಿಕ್ಕಿತು. ಧಾರವಾಡ ಸೀಮೆಯ ಒಬ್ಬ ಕ್ರೈಸ್ತ ಪಾದ್ರಿ ಶೈವ ಹಿನ್ನೆಲೆಯ ಅಲೆಮಾರಿ ಕವಿಯನ್ನು ಕನ್ನಡಿಗರಿಗೆ ಒಪ್ಪಿಸಿದ ಈ ಪ್ರಸಂಗವೇ ಒಂದು ಚಿತ್ರಕ್ಕೆ ಸಾಕಾಗುವಷ್ಟು ಸ್ವಾರಸ್ಯವಾಗಿದೆ.

ತ್ರಿಪದಿಗಳಲ್ಲಿ ಕಾಣುವ ಸರ್ವಜ್ಞ ಯಾವ ಮಠಕ್ಕೂ ಅರಮನೆಗೂ ಸೇರಿದವನಲ್ಲ. ಭಿಕ್ಷೆಯ ಪಾತ್ರೆ ಹಿಡಿದು ತಿರುಗುವ ಆತ ಜಾತಿಯನ್ನು, ಡಾಂಭಿಕ ಗುರುವನ್ನು, ಜಿಪುಣ ಸಾಹುಕಾರನನ್ನು, ನ್ಯಾಯ ತಪ್ಪಿದ ಅರಸನನ್ನು ಒಂದೇ ಸಲಿಗೆಯಿಂದ ಬಯ್ಯುತ್ತಾನೆ. ವಂಶವನ್ನು ನಿರಾಕರಿಸಿದ ಇಂಥವನ ಮೇಲೆ ಜೀವನಚರಿತ್ರೆಯ ಚಿತ್ರ ಮಾಡುವುದೆಂದರೆ ಆತನಿಗೆ ತಂದೆ ತಾಯಿ, ಬಾಲ್ಯ, ಮನೆ ಬಿಡುವ ಸನ್ನಿವೇಶಗಳನ್ನೆಲ್ಲ ಕಟ್ಟಿಕೊಡುವುದು ಅನಿವಾರ್ಯ. ಭಿನ್ನಮತವನ್ನು ವ್ಯಕ್ತಿಯ ಹುಟ್ಟಿನ ನೋವಿನಿಂದ ವಿವರಿಸಿದ ಕೂಡಲೇ ಅದರ ಸಾಮಾಜಿಕ ಮೊನೆ ಸ್ವಲ್ಪ ಮೊಂಡಾಗುತ್ತದೆ. ಸರ್ವಜ್ಞನ ನಿಜವಾದ ಆಯುಷ್ಯ ಈ ಸೀಮೆಯ ಜಗಲಿ, ಸಂತೆ, ಶಾಲೆಗಳಲ್ಲಿ ಬಾಯಿಂದ ಬಾಯಿಗೆ ಹರಿದ ಮೂರು ಸಾಲಿನ ಪದ್ಯದಲ್ಲಿದೆ. ಚಿತ್ರ ಅದಕ್ಕೆ ಹೆಚ್ಚಿನದೇನನ್ನೂ ಸೇರಿಸಿದಂತೆ ನನಗೆ ತೋರುವುದಿಲ್ಲ.

ಷರೀಫ: ಭಿನ್ನಮತಕ್ಕೆ ಭಾವೈಕ್ಯದ ಹೆಸರು

ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಮೇಲಿನ ಎರಡು ಚಿತ್ರಗಳಿಗಿಂತ ಬೇರೆ ಕಾಲದ, ಬೇರೆ ತಯಾರಿಯ ಕೃತಿ. ಬೆನಕ ತಂಡದ ರಂಗಾನುಭವ, ‘ಗ್ರಹಣ’ದಂಥ ಚಿತ್ರದಲ್ಲಿ ಜಾತಿವ್ಯವಸ್ಥೆಯನ್ನು ಎದುರಿಸಿದ ಅನುಭವ ನಿರ್ದೇಶಕರ ಬೆನ್ನಿಗಿತ್ತು. ಷರೀಫರಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡರು ಅಭಿನಯಿಸಿದರು. ಸಿ. ಅಶ್ವತ್ಥರ ಧ್ವನಿಸುರುಳಿಗಳ ಮೂಲಕ ಷರೀಫರ ತತ್ತ್ವಪದಗಳು ಅದಾಗಲೇ ಇಡೀ ಕರ್ನಾಟಕಕ್ಕೆ ಪರಿಚಿತವಾಗಿದ್ದವು. ಅವರದೇ ಸಂಗೀತ ಚಿತ್ರಕ್ಕೂ ದೊರೆತು, ಹಾಡಿನಿಂದ ಚಿತ್ರಕ್ಕೆ ಬರುವ ಹೊಸ ಬಗೆಯ ಪ್ರೇಕ್ಷಕರು ಸೃಷ್ಟಿಯಾದರು.

ಷರೀಫರ ಕಾಲ 1819ರಿಂದ 1889. ಹುಲಗೂರಿನ ಖಾದರಶಾಹರ ಪ್ರಭಾವಕ್ಕೊಳಗಾದ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಸ್ವೀಕರಿಸಿದವರು ಅವರು. ಬ್ರಾಹ್ಮಣ ಗುರು ಮುಸಲ್ಮಾನ ಶಿಷ್ಯನಿಗೆ ಜನಿವಾರ ತೊಡಿಸಿದನೆಂಬ, ಜೊತೆಗೆ ಕೂರಿಸಿಕೊಂಡು ಉಣಿಸಿದನೆಂಬ ಐತಿಹ್ಯಗಳು ಎರಡೂ ಕಡೆಯ ಮತಾಧಿಕಾರಕ್ಕೆ ಎಸೆದ ಸವಾಲುಗಳೇ ಆಗಿವೆ. ಇಲ್ಲಿ ಪ್ರತಿರೋಧ ಒಬ್ಬಂಟಿಯದಲ್ಲ. ಇಬ್ಬರು ಕೂಡಿ ಮಾಡಿದ್ದು. ಕನಕನ ಕಥೆಯಲ್ಲಿ ದೇವರು ತಿರುಗಬೇಕಾಯಿತು, ಷರೀಫರ ಕಥೆಯಲ್ಲಿ ಗುರುವೇ ತನ್ನವರ ವಿರುದ್ಧ ತಿರುಗಿ ನಿಲ್ಲುತ್ತಾನೆ. ಈ ಕಾರಣದಿಂದ ಮೂರು ಚಿತ್ರಗಳಲ್ಲಿ ಇದು ಪವಾಡವನ್ನು ಅತಿ ಕಡಿಮೆ ಅವಲಂಬಿಸಬಲ್ಲ ಕಥೆ. ಗುರುಶಿಷ್ಯ ಸಂಬಂಧವನ್ನೇ ಕೇಂದ್ರವಾಗಿಟ್ಟುಕೊಂಡ ನಾಗಾಭರಣರ ಆಯ್ಕೆ ಸರಿಯಾಗಿಯೇ ಇದೆ.

ಷರೀಫರು ಬದುಕಿದ್ದ ಕಾಲ ಈ ಸೀಮೆಯಲ್ಲಿ ಕಂಪನಿ ಆಡಳಿತ ಬೇರೂರಿದ ಕಾಲ. ಅವರಿಗೆ ಮೂವತ್ತೊಂಬತ್ತರ ಆಸುಪಾಸಿನ ವಯಸ್ಸಿದ್ದಾಗ, 1858ರಲ್ಲಿ, ನರಗುಂದದ ಬಾಬಾಸಾಹೇಬ ಮತ್ತು ಮುಂಡರಗಿಯ ಭೀಮರಾಯರು ದಂಗೆ ಎದ್ದರು. ಹುಬ್ಬಳ್ಳಿಗೆ ಬಂದ ಹತ್ತಿಯ ಗಿರಣಿಯನ್ನು ತತ್ತ್ವದ ರೂಪಕವಾಗಿ ಹಾಡಿದ ಕವಿಗೆ ತನ್ನ ಸುತ್ತಲಿನ ಹೊಸ ಆರ್ಥಿಕ ಪ್ರಭುತ್ವದ ಅರಿವು ಇರಲಿಲ್ಲವೆಂದು ಹೇಳಲಾಗದು. ಸಂತಚರಿತ್ರೆಯ ಚೌಕಟ್ಟು ಇಂಥ ಲೌಕಿಕ ವಿವರಗಳಿಗೆ ಎಡೆ ಕೊಡುವುದು ಕಡಿಮೆ. ಷರೀಫರ ಜಗಳ ಮತಾಧಿಕಾರದ ಜೊತೆಗಿತ್ತೆಂಬುದು ಎಲ್ಲರಿಗೂ ಒಪ್ಪಿಗೆ. ಕಂದಾಯ, ಗಿರಣಿ, ಸಾಲಗಳ ಜಗತ್ತಿನೊಂದಿಗೆ ಅವರ ಪದಗಳಿಗಿರುವ ಸಂಬಂಧ ಮಾತ್ರ ಇನ್ನೂ ಸಾಕಷ್ಟು ಅಧ್ಯಯನಗೊಂಡಿಲ್ಲ.

ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯ ಕುರಿತ ಅತ್ಯುತ್ತಮ ಕಥಾಚಿತ್ರಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ದೊರೆಯಿತು. ಪ್ರಶಸ್ತಿಯ ಹೆಸರನ್ನೇ ಗಮನಿಸಿ. ಎರಡು ಮತಗಳ ಒಡೆತನವನ್ನೂ ನಿರಾಕರಿಸಿದ ಮನುಷ್ಯನ ಕಥೆಯನ್ನು ಪ್ರಭುತ್ವವು ಎರಡು ಮತಗಳ ಹೊಂದಾಣಿಕೆಯ ಕಥೆಯಾಗಿ ಗುರುತಿಸಿ ಗೌರವಿಸಿತು. ಭಿನ್ನಮತವು ಒಪ್ಪಿತ ಮೌಲ್ಯವಾಗುವ ಕ್ರಮ ಇದು. ಇದರಲ್ಲಿ ಅಪಚಾರವೇನೂ ಇಲ್ಲ ಎನ್ನಬಹುದು. 1990ರ ರಥಯಾತ್ರೆಯ ವರ್ಷದಲ್ಲಿ, ಶಿಶುನಾಳಕ್ಕೆ ದೂರವೇನೂ ಅಲ್ಲದ ಹುಬ್ಬಳ್ಳಿಯಲ್ಲಿ ಈದಗಾ ಮೈದಾನದ ವಿವಾದ ಬೆಳೆದು 1994ರ ಆಗಸ್ಟ್ 15ರಂದು ಗೋಲಿಬಾರಿಗೆ ಎಡೆಮಾಡಿದ ಆ ದಶಕದಲ್ಲಿ, ಷರೀಫರ ಹೆಸರನ್ನು ಗಟ್ಟಿಯಾಗಿ ಹೇಳುವುದೇ ಒಂದು ನಿಲುವಾಗಿತ್ತು. ಅದೇ ಹೊತ್ತಿಗೆ, ಜನಿವಾರ ಮತ್ತು ದರ್ಗಾಗಳೆರಡನ್ನೂ ಕಂಡು ನಗಬಲ್ಲ ಷರೀಫ ಹಿಂದೆ ಸರಿದು, ಎರಡಕ್ಕೂ ಕೈಮುಗಿಯುವ ಷರೀಫ ಮುಂದೆ ಬಂದದ್ದೂ ನಿಜ.

ಹಾನಗಲ್ಲಿನ ಪಂಚಾಕ್ಷರಿ ಗವಾಯಿಗಳನ್ನು (1892–1944) ಕುರಿತು ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ಚಿತ್ರ ಈ ಸಾಲಿಗೆ ಓರೆಯಾಗಿ ಮಾತ್ರ ಸೇರುತ್ತದೆ. ಹುಟ್ಟುಕುರುಡರಾಗಿದ್ದ ಬಾಲಕನಿಗೆ ಹಾನಗಲ್ಲ ಕುಮಾರಸ್ವಾಮಿಗಳು ಆಶ್ರಯವಿತ್ತರು. ಆತ ಮುಂದೆ ಗದಗಿನಲ್ಲಿ ಅಂಧರಿಗೂ ಅನಾಥರಿಗೂ ಸಂಗೀತ ಕಲಿಸುವ ಆಶ್ರಮ ಕಟ್ಟಿದರು. ವಿದ್ಯೆ ಯಾರ ಸ್ವತ್ತು ಎಂಬ ಪ್ರಶ್ನೆಗೆ ಅದು ಸದ್ದಿಲ್ಲದ ಉತ್ತರ. ಹಂಸಲೇಖ ಮತ್ತು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಈ ಚಿತ್ರವನ್ನು ಪ್ರಭುತ್ವವಿರೋಧದ ಚಿತ್ರವೆಂದು ಎಳೆದು ತರುವ ಅಗತ್ಯವಿಲ್ಲ.

ತೆರೆಗೆ ಬಾರದವರು

ಇನ್ನು ನೇರ ರಾಜಕೀಯ ಹೋರಾಟದ ಕಡೆಗೆ ಬರೋಣ. 1930ರ ದಶಕದ ಆರಂಭದ ಕರನಿರಾಕರಣ ಚಳವಳಿ ಅಂಕೋಲಾ, ಸಿದ್ದಾಪುರಗಳಂತೆ ಹಿರೇಕೆರೂರು ಭಾಗದಲ್ಲಿಯೂ ನಡೆಯಿತು. ಹೊಲ ಮನೆ ಜಪ್ತಿಯಾದರೂ ಕಂದಾಯ ಕೊಡದೆ ನಿಲ್ಲುವುದು ಈ ಚಳವಳಿಯ ತಿರುಳು. ಹಿರೇಕೆರೂರಿಗೆ ಹೊಂದಿಕೊಂಡ ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನದೇ ಸರ್ಕಾರವನ್ನು ಘೋಷಿಸಿಕೊಂಡಿತು, ಐವರು ಗಲ್ಲಿಗೇರಿದರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ದೇವಸ್ಥಾನದಲ್ಲಿ ಇರಿಸಿದ್ದ ಸರ್ಕಾರಿ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಅವರೊಡನೆ ಹುತಾತ್ಮರಾದರು. ದೇವಸ್ಥಾನವೇ ಖಜಾನೆಯಾಗಿದ್ದ ಈ ದೃಶ್ಯದ ಮುಂದೆ ಉಡುಪಿಯ ಗೋಡೆಯನ್ನು ಇಟ್ಟು ನೋಡಿದರೆ ಎರಡು ಬಗೆಯ ಪ್ರತಿರೋಧಗಳ ಅಂತರ ತಾನಾಗಿ ಸ್ಪಷ್ಟವಾಗುತ್ತದೆ. ಹೊಸರಿತ್ತಿಯಲ್ಲಿ ಯಾವ ಮೂರ್ತಿಯೂ ತಿರುಗಲಿಲ್ಲ.

ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961), ಬಹುಕಾಲದ ನಂತರದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (2012) ಚಿತ್ರಗಳಿಗೆ ದೊರೆತ ಪ್ರಚಾರ, ಪ್ರಸಿದ್ಧಿಗಳು ಮೈಲಾರ ಮಹಾದೇವನ ಕಥೆಗೆ ಬೆಳ್ಳಿತೆರೆಯಲ್ಲಿ ದೊರೆಯಲಿಲ್ಲ. ರಾಣಿ, ಕೋಟೆ, ಕುದುರೆ, ಖಡ್ಗಗಳಿರುವ ಹೋರಾಟ ಚಿತ್ರಕ್ಕೆ ಒಗ್ಗುವಷ್ಟು ಸುಲಭವಾಗಿ ಖಾದಿ ತೊಟ್ಟ ಯುವಕರ ಗುಪ್ತ ಕಾರ್ಯಾಚರಣೆ ಒಗ್ಗದಿರಬಹುದು. ಇನ್ನೊಂದು ಕಾರಣವೂ ಇದೆ. ಚೆನ್ನಮ್ಮನ ಶತ್ರು ಸಂಪೂರ್ಣವಾಗಿ ಹೊರಗಿನವನು. ಮಹಾದೇವನಿಗೆ ಗುಂಡಿಟ್ಟ ಪೊಲೀಸ್ ವ್ಯವಸ್ಥೆ, ಹಿರೇಕೆರೂರಿನಲ್ಲಿ ಜಪ್ತಿ ಮಾಡಿದ ಕಂದಾಯ ಇಲಾಖೆಗಳು 1947ರ ನಂತರವೂ ಹೆಚ್ಚೇನೂ ಬದಲಾಗದೆ ಮುಂದುವರಿದವು. ಎಂ.ಎಸ್. ಸತ್ಯು ಅವರು ಎಸ್.ಕೆ. ನಾಡಿಗರ ಕಾದಂಬರಿಯನ್ನು ಆಧರಿಸಿ, ಅನಂತನಾಗ್ ಅವರನ್ನು ಮುಖ್ಯಪಾತ್ರದಲ್ಲಿಟ್ಟು ಮಾಡಿದ ‘ಕನ್ನೇಶ್ವರ ರಾಮ’ (1977) ಈ ವಲಯಕ್ಕೆ ಅತ್ಯಂತ ಸಮೀಪ ಬಂದ ಚಿತ್ರ. ಸ್ವಾತಂತ್ರ್ಯಪೂರ್ವದ ಶಿವಮೊಗ್ಗ ಸೀಮೆಯ ಬಂಡುಕೋರನೊಬ್ಬನ ಆ ಕಥೆಯಲ್ಲಿ ಪಟೇಲ, ಪೊಲೀಸು, ಪರದೇಶಿ ಸರ್ಕಾರಗಳನ್ನು ಬೇರೆ ಬೇರೆಯಾಗಿ ನೋಡಲು ಬರುವುದಿಲ್ಲ.

ತುರ್ತುಪರಿಸ್ಥಿತಿಯ ಕಾಲಕ್ಕೆ ಈ ಪ್ರಶ್ನೆ ತೀವ್ರ ರೂಪ ತಾಳಿತು. ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿ, ಕೇಂದ್ರದ ಮಟ್ಟದಲ್ಲಿ ಅದು ಬಿಡುಗಡೆಗೊಂಡು, ಕೊನೆಗೆ ಸ್ವರ್ಣಕಮಲವನ್ನೇ ಪಡೆದ ಕಥೆ ಪ್ರಸಿದ್ಧವಾಗಿದೆ. ಅದರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು ಪಿ. ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕವನ್ನು ಆಧರಿಸಿ ‘ಚಂಡಮಾರುತ’ (1977) ಮಾಡಿದರು. ಅವರ ಪತ್ನಿ, ‘ಸಂಸ್ಕಾರ’ದ ಚಂದ್ರಿ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿ ಇಡಲಾಯಿತು. ಆಸ್ತಮಾದಿಂದ ಜರ್ಜರಿತರಾದ ಅವರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ತೀರಿಕೊಂಡರು. ಪ್ರತಿರೋಧದ ಚಿತ್ರದಲ್ಲಿ ನಟಿಸುವುದಕ್ಕೂ ಪ್ರತಿರೋಧಿಸಿ ಬದುಕುವುದಕ್ಕೂ ನಡುವಣ ಗೆರೆ ಅಳಿಸಿಹೋದ ಇನ್ನೊಂದು ಉದಾಹರಣೆ ಕನ್ನಡ ಚಿತ್ರರಂಗದಲ್ಲಿ ನನಗೆ ಕಾಣದು. ಅದೇ ಅವಧಿಯಲ್ಲಿ ಅಮೃತ ನಹಾಟಾ ಅವರ ಹಿಂದಿ ಚಿತ್ರ ‘ಕಿಸ್ಸಾ ಕುರ್ಸೀ ಕಾ’ದ ಪ್ರತಿಗಳನ್ನು ಸುಟ್ಟುಹಾಕಲಾಯಿತು. ಚಿತ್ರವೆಂದರೆ ವಸ್ತು. ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ಸುಡಬಹುದು.

ಈ ಮಾತು ಸವಣೂರಿಗೆ ನಮ್ಮನ್ನು ಮರಳಿ ತರುತ್ತದೆ. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ 1939ರಲ್ಲಿ ಹುಟ್ಟಿದ ಚಂದ್ರಶೇಖರ ಪಾಟೀಲರು (ಚಂಪಾ) ‘ಸಂಕ್ರಮಣ’ ಪತ್ರಿಕೆಯ ಸಂಪಾದಕರಾಗಿ, ಬಂಡಾಯ ಚಳವಳಿಯ ಮುಂಚೂಣಿಯವರಾಗಿ ಹೆಸರಾದವರು. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಸೆರೆವಾಸ ಅನುಭವಿಸಿದರು. ಅವರ ‘ಜಗದಂಬೆಯ ಬೀದಿನಾಟಕ’ ಆ ಕಾಲದ ಅಧಿಕಾರವನ್ನು ಹೆಸರಿನಲ್ಲಿಯೇ ಚುಚ್ಚುತ್ತದೆ. ಬೀದಿನಾಟಕಕ್ಕೆ ಪ್ರಯೋಗಾಲಯವಾಗಲಿ ಬಾಡಿಗೆ ಚಿತ್ರಮಂದಿರವಾಗಲಿ ಬೇಕಿಲ್ಲ. ನಾಲ್ಕು ನಟರು, ಒಂದು ಹಲಗೆ, ಒಂದು ಚೌಕ ಸಾಕು. ಪೊಲೀಸರು ಬರುವಷ್ಟರಲ್ಲಿ ಆಟ ಮುಗಿದಿರುತ್ತದೆ. ಇದೇ ಸೀಮೆಯ ನೇರ ರಾಜಕೀಯ ವಿಡಂಬನೆ ಚಿತ್ರವಾಗದೆ ನಾಟಕವಾದದ್ದರಲ್ಲಿ ಪ್ರತಿಭೆಯ ಕೊರತೆಗಿಂತ ಮಾಧ್ಯಮದ ಅರ್ಥಶಾಸ್ತ್ರ ಮತ್ತು ಕಾಯಿದೆಗಳ ಪಾತ್ರ ದೊಡ್ಡದು. ಸವಣೂರಿನಲ್ಲಿಯೇ 1909ರಲ್ಲಿ ಜನಿಸಿದ ವಿ.ಕೃ. ಗೋಕಾಕರು ಬಂಡಾಯದವರಲ್ಲ. ಆದರೂ ಅವರ ಅಧ್ಯಕ್ಷತೆಯ ಸಮಿತಿಯ ವರದಿಗಾಗಿ 1982ರಲ್ಲಿ ನಡೆದ ಚಳವಳಿಯಲ್ಲಿ ರಾಜಕುಮಾರ್ ಮತ್ತು ಚಿತ್ರರಂಗದ ಕಲಾವಿದರು ಬೀದಿಗಿಳಿದರು. ತೆರೆಯ ಮೇಲೆ ಕನಕನಾಗಿ, ಸರ್ವಜ್ಞನಾಗಿ ನಿಂತಿದ್ದ ನಟ ಸರ್ಕಾರದ ಎದುರು ನಿಜವಾಗಿ ನಿಂತಾಗ ಜನ ಆತನನ್ನು ಹೊಸಬನೆಂದು ಭಾವಿಸಲಿಲ್ಲ. ಭಕ್ತಿಚಿತ್ರಗಳು ಕೂಡಿಟ್ಟಿದ್ದ ನೈತಿಕ ಬಂಡವಾಳ ಅಲ್ಲಿ ಖರ್ಚಿಗೆ ಒದಗಿತೆಂದು ಹೇಳಬಹುದು.

1981ರ ‘ಅಂತ’ದಿಂದ ಮುಂದೆ ಜನಪ್ರಿಯ ಚಿತ್ರಗಳಲ್ಲಿ ರಾಜಕಾರಣಿಯೇ ಖಳನಾದ. ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ಆಧರಿಸಿದ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರ ಆ ಚಿತ್ರದಲ್ಲಿ ವ್ಯವಸ್ಥೆಯನ್ನು ಎದುರಿಸುವವನು ವ್ಯವಸ್ಥೆಯೊಳಗಿನ ಪೊಲೀಸ್ ಅಧಿಕಾರಿ. ಆ ಮೇಲಿನ ದಶಕಗಳಲ್ಲಿ ಈ ಮಾದರಿ ಎಷ್ಟು ಬಾರಿ ಪುನರಾವರ್ತನೆಗೊಂಡಿತೆಂದರೆ ಸಾಮೂಹಿಕ ಹೋರಾಟ ತೆರೆಯಿಂದ ಬಹುಮಟ್ಟಿಗೆ ಮರೆಯಾಯಿತು. ಪೊಲೀಸ್ ಇಲಾಖೆಯಿಂದ ಚಿತ್ರರಂಗಕ್ಕೆ ಬಂದು ‘ಕೌರವ’ (1998) ಚಿತ್ರದಿಂದ ಹೆಸರಾದ ಬಿ.ಸಿ. ಪಾಟೀಲರು ಮುಂದೆ ಹಿರೇಕೆರೂರಿನ ಶಾಸಕರೂ ರಾಜ್ಯದ ಸಚಿವರೂ ಆದದ್ದು ತೆರೆಗೂ ಅಧಿಕಾರಕ್ಕೂ ಇರುವ ನಂಟಿನ ಇನ್ನೊಂದು ಮಗ್ಗುಲು. ಇಲ್ಲಿ ಅದನ್ನು ಉಲ್ಲೇಖಿಸಿದರೆ ಸಾಕು. 1980ರ ಜುಲೈ 21ರ ನರಗುಂದ ಗೋಲಿಬಾರಿನ ರೈತ ಚಳವಳಿ ‘ನರಗುಂದ ಬಂಡಾಯ’ ಎಂಬ ಹೆಸರಿನಲ್ಲಿ ತೆರೆಗೆ ಬರಲು 2020ರವರೆಗೆ ಕಾಯಬೇಕಾಯಿತು. ಸಂವಿಧಾನದ ವಿಧಿಗಳನ್ನೇ ಶೀರ್ಷಿಕೆಯಾಗಿಸಿಕೊಂಡ ಮಂಸೋರೆ ಅವರ ‘19.20.21’ (2023) ಪ್ರಭುತ್ವದ ಎದುರು ಸಾಮಾನ್ಯನ ಹಕ್ಕನ್ನು ಪವಾಡದ ನೆರವಿಲ್ಲದೆ, ನ್ಯಾಯಾಲಯದ ದೀರ್ಘ ವಿಚಾರಣೆಯಲ್ಲಿ ತೋರಿಸಿತು. ರಾಮಧಾನ್ಯದ ವಾದದ ಮಾರ್ಗ ಕೊನೆಗೂ ಚಿತ್ರಕ್ಕೆ ದಕ್ಕಿದ್ದು ಹೀಗೆ, ಬಾಡದಿಂದ ಬಹುದೂರದ ಕರಾವಳಿಯ ಕಾಡಂಚಿನ ಪ್ರಕರಣವೊಂದರಿಂದ.

ಈ ವಿಷಯದಲ್ಲಿ ಮುಂದುವರಿಯುವವರಿಗೆ ಆಕರಗಳ ಬಗ್ಗೆ ಒಂದು ಮಾತು. ಹಳೆಯ ಭಕ್ತಿಚಿತ್ರಗಳ ಅಧ್ಯಯನ ಈವರೆಗೆ ಕಥೆ ಮತ್ತು ತಾರೆಯರ ಸುತ್ತಲೇ ನಡೆದಿದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿರಬಹುದಾದ ಪ್ರತಿಗಳ ಜೊತೆಗೆ, ಬಿಡುಗಡೆಯ ಕಾಲದಲ್ಲಿ ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನೂ ಹುಡುಕಬೇಕು. ಕಥಾಸಾರವನ್ನು ನಿರ್ಮಾಪಕರು ಹೇಗೆ ಹೇಳಿಕೊಂಡರೆಂಬುದು ಅವುಗಳಲ್ಲಿದೆ. 1953ರ ಮುಂಬಯಿ ಸಿನಿಮಾ ನಿಯಂತ್ರಣ ಕಾಯಿದೆ, ನಂತರ 1964ರ ಕರ್ನಾಟಕದ ಕಾಯಿದೆಗಳ ಅಡಿಯಲ್ಲಿ ಈ ಸೀಮೆಯ ಕಾಯಂ ಮತ್ತು ಟೂರಿಂಗ್ ಟಾಕೀಸುಗಳಿಗೆ ನೀಡಿದ ಪರವಾನಗಿಗಳ ಕಡತಗಳು ಧಾರವಾಡದ ಹಳೆಯ ಜಿಲ್ಲಾಡಳಿತದ ದಾಖಲೆಗಳಲ್ಲಿ ಸಿಕ್ಕಿದರೆ ಶಿಗ್ಗಾವಿ, ಹಾನಗಲ್ಲಿನಲ್ಲಿ ಯಾವ ಚಿತ್ರ ಎಷ್ಟು ದಿನ ಓಡಿತು, ಯಾವ ಜಾತ್ರೆಗೆ ಯಾವ ಟೆಂಟು ಬಂದಿತು ಎಂಬುದನ್ನು ಗುರುತಿಸಲು ಸಾಧ್ಯ. 1960ರಲ್ಲಿ ‘ಭಕ್ತ ಕನಕದಾಸ’ ನೋಡಿದವರ ವಯಸ್ಸು ಈಗ ಎಪ್ಪತ್ತೈದನ್ನು ದಾಟಿದೆ. ಬಾಡ, ಬಂಕಾಪುರ, ಕಾಗಿನೆಲೆಗಳಲ್ಲಿ ಅವರನ್ನು ಮಾತಾಡಿಸಿ, ಗೋಡೆ ಬಿರಿದಾಗ ಟಾಕೀಸಿನೊಳಗೆ ಯಾರು ಎಲ್ಲಿ ಕುಳಿತಿದ್ದರು, ಮರುದಿನ ಊರ ಗುಡಿಯ ಮುಂದೆ ಯಾರು ಎಲ್ಲಿ ನಿಂತರು ಎಂದು ಕೇಳಿ ದಾಖಲಿಸುವ ಕೆಲಸ ಮೊದಲು ಆಗಬೇಕಾದದ್ದು.